ಲಾಯದಲ್ಲಿ ಉಳಿದವನು

ಮಳೆಗಾಲದಲ್ಲಿ ಗೊರಸು ಕೊಳೆಯದಂತೆ ಕಾಯುವ ಬಗೆಯನ್ನು ಈ ವಾರವೂ ಮುಂದುವರಿಸುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನು. ಆ ಮಾತನ್ನು ನಡೆಸಲಾರೆ. ಹದಿನಾಲ್ಕು ವರ್ಷಗಳ ಕಾಲ ನನ್ನ ಲಾಯದಲ್ಲಿದ್ದ ಮಲ್ಲಿ, ಕಿವಿಯ ತುದಿಗಳೆರಡೂ ಒಂದನ್ನೊಂದು ಮುಟ್ಟುವಂತೆ ಒಳಬಾಗಿದ್ದ ಆ ಕಾಠಿಯಾವಾಡದ ಹೆಣ್ಣುಕುದುರೆ, ಮೂರು ವಾರಗಳ ಕೆಳಗೆ ಶೂಲೆ ಬಂದು ತೀರಿಕೊಂಡಳು. ನಡುವೆ ಅಚ್ಚಾದ ಎರಡು ಕಂತುಗಳು ಮೊದಲೇ ಬರೆದಿಟ್ಟಿದ್ದವು. ಅವು ಸಂಪಾದಕರ ಮುಂದೆ ನನ್ನ ಮರ್ಯಾದೆಯನ್ನು ಕಾಪಾಡಿದವು. ಇಂದು ಬರೆಯಹೊರಟಿರುವುದು ಸತ್ತವಳ ವಿಚಾರಕ್ಕಿಂತ ಹೆಚ್ಚಾಗಿ, ಉಳಿದವನ ವಿಚಾರ.

ಕುದುರೆ ಸಾಕಿದವರಿಗೆ ಶೂಲೆಯ ಹೆಸರು ಹೇಳಿದರೆ ಸಾಕು, ನಿದ್ರೆ ಹಾರಿಹೋಗುತ್ತದೆ. ಸಣ್ಣ ಕರುಳೊಂದೇ ಸುಮಾರು 70 ಅಡಿ ಉದ್ದವಿರುವ ಈ ಪ್ರಾಣಿಗೆ, ತಿಂದುದು ಒಗ್ಗದಿದ್ದರೆ ವಾಂತಿ ಮಾಡಿ ನಿರಾಳವಾಗುವ ಉಪಾಯವನ್ನು ಸೃಷ್ಟಿಕರ್ತನು ಅನುಗ್ರಹಿಸಲಿಲ್ಲ; ಒಳಗೆ ಸೇರಿದುದು ಮುಂದಕ್ಕೇ ಸಾಗಬೇಕು, ಸಾಗುವ ದಾರಿಯಲ್ಲಿ ಕರುಳು ತಿರುಚಿಕೊಂಡರೆ ಪ್ರಾಣವೇ ಹೋಗಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತರಿಂದ ನಲವತ್ತರವರೆಗೆ ಇರತಕ್ಕ ನಾಡಿ ಮಲ್ಲಿಗೆ ಅಂದು ಬೆಳಗಿನ ಜಾವ ತೊಂಬತ್ತನ್ನು ದಾಟಿತ್ತು; ಒಸಡು ನೇರಳೆಗೆ ತಿರುಗಿತ್ತು. ವೈದ್ಯರು ನನ್ನ ಮುಖವನ್ನು ನೋಡಿದರು. ಇಪ್ಪತ್ತೆರಡು ವರ್ಷದ ಮೈಗೆ ಶಸ್ತ್ರಚಿಕಿತ್ಸೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆರು ಗಂಟೆಗೆ ಎಲ್ಲವೂ ಮುಗಿದಿತ್ತು.

ಆಗ ಪಕ್ಕದ ಕಟ್ಟೆಯಲ್ಲಿ ರಾಯನು ಕೆನೆಯುತ್ತಿದ್ದನು. ರಾಯನೆಂಬವನು ಪಂದ್ಯದ ಮೈದಾನದಿಂದ ನಿವೃತ್ತನಾಗಿ ಬಂದ, ಬೀಜ ತೆಗೆಸಿದ ಗಂಡು; ನಮ್ಮಲ್ಲಿಗೆ ಬಂದ ದಿನದಿಂದ ಮಲ್ಲಿಯ ಎಡಪಕ್ಕವನ್ನು ಬಿಟ್ಟು ನಿಂತವನಲ್ಲ. ಈಗ ಅವನನ್ನು ಏನು ಮಾಡಬೇಕು?

ಈ ಪ್ರಶ್ನೆಗೆ ನಾನು ಇಪ್ಪತ್ತು ವರ್ಷಗಳ ಹಿಂದೊಮ್ಮೆ ಅತ್ಯಂತ ಅವಿವೇಕದ ಉತ್ತರವನ್ನು ಕೊಟ್ಟಿದ್ದೆನು. ಆಗ ಇದ್ದ ಜೋಡಿಯಲ್ಲಿ ಒಂದು ಸತ್ತಾಗ, ಇನ್ನೊಂದಕ್ಕೆ ನೋವಾಗಬಾರದೆಂಬ ಕನಿಕರದಿಂದ ಅದನ್ನು ಹಿಂದಣ ಕೊಟ್ಟಿಗೆಯಲ್ಲಿ ಕೂಡಿ, ಶವಕ್ಕೆ ತಾಡಪಾಲು ಹೊದಿಸಿ, ಲಾರಿಯ ಮೇಲೆ ಸಾಗಿಸಿಬಿಟ್ಟೆನು. ಕನಿಕರವೆಂದು ನಾನು ಭಾವಿಸಿದ್ದು ಅದಕ್ಕೆ ಘೋರವಾದ ಶಿಕ್ಷೆಯಾಯಿತು. ಒಡನಾಡಿ ಇದ್ದಕ್ಕಿದ್ದಂತೆ ಕಾಣೆಯಾಯಿತೆಂಬುದಷ್ಟೇ ಆ ಮೂಕಜೀವಿಗೆ ತಿಳಿದ ವಿಷಯ. ಆದಕಾರಣ ರಸ್ತೆಯಲ್ಲಿ ಯಾವ ಲಾರಿಯ ಸದ್ದು ಕೇಳಿದರೂ ಬೇಲಿಯತ್ತ ಓಡಿ ಕೆನೆಯುವುದು, ಮರುದನಿಗಾಗಿ ಕಿವಿ ನಿಮಿರಿಸಿ ನಿಲ್ಲುವುದು, ಮತ್ತೆ ಬೇಲಿಯುದ್ದಕ್ಕೂ ಓಡುವುದು — ಹೀಗೆ ಮೂರು ವಾರಗಳಲ್ಲಿ ಅದರ ಪಕ್ಕೆಲುಬು ಎಣಿಸುವಂತಾಯಿತು. ಸಾಲದುದಕ್ಕೆ ಎಂಟನೆಯ ದಿನವೇ ಹೊಸ ಕುದುರೆಯೊಂದನ್ನು ಕೊಂಡು ತಂದು ಅದೇ ಕಟ್ಟೆಯಲ್ಲಿ ಕಟ್ಟಿದೆನು. ಆ ಬಡಪಾಯಿಯು ಹಿಂಗಾಲಿನ ಕೀಲಿಗೆ ಒದೆ ತಿಂದು ಎರಡು ತಿಂಗಳು ಕುಂಟಿತು.

ಈ ಸಲ ನನ್ನನ್ನು ಅದೇ ತಪ್ಪಿನಿಂದ ಉಳಿಸಿದವರು ನಮ್ಮ ಲಾಯವನ್ನು ನೋಡಿಕೊಳ್ಳುವ ಚಾಚಾ. ಅರಮನೆಯ ಸುತ್ತ ಟಾಂಗಾ ಹೊಡೆದು ಅರ್ಧ ಆಯುಷ್ಯವನ್ನು ಕಳೆದವರು. ನಾನು ತಾಡಪಾಲಿಗೆ ಕೈಹಾಕಿದ್ದನ್ನು ಕಂಡು, “ಮುಚ್ಚಬೇಡಿ ಸ್ವಾಮಿ. ಬಾಗಿಲು ತೆಗೀರಿ, ಅವನೇ ಬಂದು ನೋಡ್ಲಿ” ಎಂದರು.

ಬಾಗಿಲು ತೆಗೆದೆನು. ರಾಯನು ನೇರವಾಗಿ ಬರಲಿಲ್ಲ. ಕತ್ತನ್ನು ಉದ್ದ ಮಾಡಿ, ಹೊಳ್ಳೆಗಳನ್ನು ಅರಳಿಸಿ, ಒಂದು ಹೆಜ್ಜೆ ಮುಂದೆ ಎರಡು ಹೆಜ್ಜೆ ಹಿಂದೆ ಎಂಬಂತೆ ಬಂದು, ಮೊದಲು ಅವಳ ಮೂತಿಯನ್ನು ಮೂಸಿದನು. ಅಲ್ಲಿಂದ ಕತ್ತಿನ ಗುಂಟ ಹೋಗಿ ಹೆಗಲಿನ ಉಬ್ಬಿನ ಬಳಿ ನಿಂತು, ದಿನವೂ ಮಾಡುತ್ತಿದ್ದಂತೆ, ಮೇಲುಹಲ್ಲುಗಳಿಂದ ಅಲ್ಲಿ ಕೆರೆದನು. ಕೆರೆದು, ತನ್ನ ಹೆಗಲನ್ನು ಅವಳ ಬಾಯಿಯ ಕಡೆಗೆ ತಗ್ಗಿಸಿ ನಿಂತನು. ಪ್ರತಿಯಾಗಿ ಅವಳು ಕೆರೆಯಲಿಲ್ಲ. ಮತ್ತೊಮ್ಮೆ ಕೆರೆದನು, ಮತ್ತೊಮ್ಮೆ ತಗ್ಗಿಸಿದನು. ಬಳಿಕ ಮುಂಗಾಲಿನಿಂದ ಅವಳ ಪಕ್ಕೆಯನ್ನು ಮೆಲ್ಲಗೆ ತಟ್ಟಿದನು. ಮುಕ್ಕಾಲು ಗಂಟೆಯವರೆಗೆ ಅಲ್ಲಿಯೇ ಇದ್ದು, ಮೂರು ಮಾರು ದೂರ ಸರಿದು ಎರಡು ಎಸಳು ಗರಿಕೆಯನ್ನು ಕಿತ್ತು, ಅಗಿಯುತ್ತಲೇ ಹಿಂದಿರುಗಿ ಮತ್ತೆ ಮೂಸಿ, ಕಡೆಗೆ ತಾನಾಗಿಯೇ ಹೊರಟುಹೋದನು. ಆಮೇಲೆಯೇ ಚಾಚಾ ಜೆಸಿಬಿಯವನಿಗೆ ಸನ್ನೆ ಮಾಡಿದ್ದು.

ಹೆಗಲಿನ ಉಬ್ಬನ್ನು ಕೆರೆದುಕೊಳ್ಳುವ ಈ ಆಚಾರವು ಕೇವಲ ತುರಿಕೆಯ ಪರಿಹಾರವಲ್ಲ. ಫ್ರಾನ್ಸ್ ದೇಶದ ಕಮಾರ್ಗ್ ಕುದುರೆಗಳನ್ನು ಪರೀಕ್ಷಿಸಿದ ಇಬ್ಬರು ಸಂಶೋಧಕಿಯರು, ಕುದುರೆಗಳು ಒಂದಕ್ಕೊಂದು ಕೆರೆಯುವ ಆ ಜಾಗದಲ್ಲಿ ಮನುಷ್ಯನು ಕೈಯಿಂದ ಕೆರೆದರೂ ಕುದುರೆಯ ಹೃದಯದ ಬಡಿತ ತಗ್ಗುವುದೆಂಬುದನ್ನು 1993ರಲ್ಲಿ ಪ್ರಕಟಪಡಿಸಿದರು. ಬೇರೆಡೆ ಕೆರೆದರೆ ಹಾಗೆ ತಗ್ಗಲಿಲ್ಲ. ಹಾಗಾದರೆ ರಾಯನು ಕಳೆದುಕೊಂಡದ್ದು ಬರಿಯ ಜೊತೆಯನ್ನಲ್ಲ. ದಿನಕ್ಕೆ ಹಲವು ಬಾರಿ ತನ್ನ ಎದೆಯನ್ನು ಶಾಂತಗೊಳಿಸುತ್ತಿದ್ದ ಒಂದು ಔಷಧವನ್ನು. ಇದನ್ನು ದುಃಖವೆಂದು ಕರೆಯಬಹುದೋ ಕೂಡದೋ ಎಂಬ ಜಿಜ್ಞಾಸೆಯನ್ನು ವಿದ್ವಾಂಸರಿಗೆ ಬಿಟ್ಟಿದ್ದೇನೆ. ಲಾಯದಲ್ಲಿ ನಿಂತವನಿಗೆ ಬೇರೆ ಹೆಸರು ಹೊಳೆಯುವುದಿಲ್ಲ.

ಕಾವ್ಯದಲ್ಲಿ ಇದನ್ನು ಸರಿಯಾಗಿ ಕಂಡವನು, ನನ್ನ ಮಟ್ಟಿಗೆ, ಹೆಸರಿನಲ್ಲಿಯೇ ಕುದುರೆಯ ದನಿಯನ್ನು ಹೊತ್ತ ಅಶ್ವಘೋಷನೊಬ್ಬನೇ. ಬುದ್ಧಚರಿತದಲ್ಲಿ ಸಿದ್ಧಾರ್ಥನನ್ನು ಅರಣ್ಯದಲ್ಲಿ ಬಿಟ್ಟು ಛಂದಕನೂ ಕಂಥಕನೂ ಹಿಂದಿರುಗುವ ಪ್ರಸಂಗ ಬರುತ್ತದಷ್ಟೆ. ಹೋಗುವಾಗ ಒಂದೇ ರಾತ್ರಿಯಲ್ಲಿ ಮುಗಿದ ಆ ದಾರಿಯು ಬರುವಾಗ ಎಂಟು ದಿನಗಳನ್ನು ಹಿಡಿಯುವುದು, ಕುದುರೆಯು ಮತ್ತೆ ಮತ್ತೆ ಕಾಡಿನತ್ತ ತಿರುಗಿ ಕೆನೆಯುವುದು, ಹಸಿದಿದ್ದರೂ ಹುಲ್ಲು ನೀರುಗಳನ್ನು ಮೊದಲಿನಂತೆ ಆದರಿಸದಿರುವುದು, ಇವುಗಳನ್ನು ಓದಿದಾಗ ಕವಿಯು ಎಂದೋ ಒಂದು ಲಾಯದ ಜಗುಲಿಯ ಮೇಲೆ ಕುಳಿತು ನೋಡಿದವನೇ ಇರಬೇಕೆನ್ನಿಸುತ್ತದೆ. ಅದಕ್ಕೆ ಮೊದಲು ಕಂಥಕನ ಕಣ್ಣಿನಿಂದ ಬಿಸಿಯಾದ ನೀರನ್ನು ಸುರಿಸಿದ್ದಾನೆ; ಕುದುರೆಗೆ ದುಃಖದಿಂದ ಕಣ್ಣೀರು ಬರುವುದನ್ನು ನಾನು ಕಂಡಿಲ್ಲ. ಅಷ್ಟನ್ನು ಕವಿಗೆ ಕ್ಷಮಿಸೋಣ. ಮೇವು, ನೀರು, ಕೆನೆತ, ಮುಖ ತಿರುಗಿದ ದಿಕ್ಕು: ಈ ನಾಲ್ಕನ್ನು ಅವನು ತಪ್ಪಲಿಲ್ಲ.

ನಾವು ಒಂಬತ್ತು ದಿನಗಳ ಕಾಲ ಕಾದದ್ದೂ ಈ ನಾಲ್ಕನ್ನೇ. ದಿನಕ್ಕೆ ಮೂವತ್ತು ಲೀಟರು ಕುಡಿಯುತ್ತಿದ್ದವನು ಎರಡನೆಯ ದಿನ ಹತ್ತನ್ನು ಮುಟ್ಟಲಿಲ್ಲ. ನೀರು ಇಳಿದರೆ ಮೇವು ಕರುಳಿನಲ್ಲಿ ಗಟ್ಟಿಯಾಗಿ, ಒಂದು ಶೂಲೆಯ ಹಿಂದೆಯೇ ಇನ್ನೊಂದು ಶೂಲೆ ಬರಲು ತಡವಾಗದು; ಆದುದರಿಂದ ಒಣಹುಲ್ಲನ್ನು ಕಡಿಮೆ ಮಾಡಿ, ಬೂಸಾವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಂಬಲಿಯಂತೆ ಕಲಸಿ, ಮೇಲೆ ಒಂದು ಹಿಡಿ ಬೆಲ್ಲವನ್ನು ಪುಡಿ ಮಾಡಿ ಹಾಕಿ, ಸ್ವಲ್ಪಸ್ವಲ್ಪವಾಗಿ ಆರು ಹೊತ್ತು ಇಟ್ಟೆವು. ಲದ್ದಿಯನ್ನು ಎಣಿಸಿದೆವು. ನಗಬೇಡಿರಿ, ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕತಕ್ಕ ಪ್ರಾಣಿಯು ನಾಲ್ಕೇ ಸಲ ಹಾಕಿದರೆ ಅದಕ್ಕಿಂತ ಮುಖ್ಯವಾದ ಸಮಾಚಾರ ಆ ದಿನದ ಪತ್ರಿಕೆಯಲ್ಲಿಯೂ ಇರಲಾರದು. ಕತ್ತೆ ಸಾಕಿದವರಂತೂ ಇನ್ನಷ್ಟು ಎಚ್ಚರದಿಂದಿರಬೇಕು: ಜೋಡಿಯನ್ನು ಕಳೆದುಕೊಂಡ ಕತ್ತೆಯು ಮೇವು ಬಿಟ್ಟರೆ ಕೆಲವೇ ದಿನಗಳಲ್ಲಿ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ, ಯಕೃತ್ತು ಕೆಟ್ಟು, ಅದೂ ಹೋಗಿಬಿಡುವುದುಂಟು. ಕೊರಗಿ ಸತ್ತಿತೆಂದು ಹಳ್ಳಿಯವರು ಹೇಳುವ ಮಾತು ವೈದ್ಯಶಾಸ್ತ್ರಕ್ಕೆ ಅಷ್ಟೇನೂ ದೂರವಲ್ಲ.

ಹೊತ್ತುಹೊತ್ತಿಗೆ ಮಾಡುವ ಕೆಲಸಗಳನ್ನು ಮಾತ್ರ ಕದಲಿಸಲಿಲ್ಲ. ಮಾಲೀಸು ಆರೂವರೆಗೆ, ಕೈಹಿಡಿದು ನಡೆಸುವುದು ಎಂಟಕ್ಕೆ, ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನವರೆಗೆ ಒಂದು ಸುತ್ತು. ಮಾಲೀಸಿನ ಕೊನೆಯಲ್ಲಿ ಹೆಗಲಿನ ಉಬ್ಬನ್ನು ನಾನು ಬೆರಳುಗಳಿಂದ ಕೆರೆದುದೂ ಉಂಟು. ಮೂರನೆಯ ದಿನದವರೆಗೆ ಕಲ್ಲಿನಂತೆ ನಿಂತಿದ್ದವನು, ನಾಲ್ಕನೆಯ ದಿನ ಮೇಲ್ದುಟಿಯನ್ನು ಮುಂಚಾಚಿ ನನ್ನ ಅಂಗಿಯ ತೋಳನ್ನು ಕೆರೆದನು. ತೋಳು ಹರಿಯಿತು. ಆ ಅಂಗಿಯನ್ನು ಹೊಲಿಸಿಲ್ಲ.

ಇದರ ನಡುವೆ ಇನ್ನೊಂದನ್ನು ಗಮನಿಸಿದೆನು. ಸಂಜೆ ಹುರುಳಿ ನೆನೆಹಾಕುವ ಪಾತ್ರೆ ಮೊದಲಿನಷ್ಟೇ ತುಂಬಿರುತ್ತಿತ್ತು. ಚಾಚಾ ಎರಡು ಅಳತೆಯನ್ನೂ ನೆನೆಹಾಕುತ್ತಿದ್ದರು. ಬೆಳಿಗ್ಗೆ ಒಂದನ್ನು ಬೇಯಿಸಿ, ಉಳಿದುದನ್ನು ಮಾತನಾಡದೆ ಪಕ್ಕದ ಮನೆಯ ಎಮ್ಮೆಗೆ ಕೊಟ್ಟು ಬರುತ್ತಿದ್ದರು. ಲೆಕ್ಕದ ಪುಸ್ತಕವನ್ನು ನೋಡುವವನು ನಾನೇ; ಹುರುಳಿ ಹೆಚ್ಚಾಗಿ ಖರ್ಚಾಗುತ್ತಿದೆಯಲ್ಲಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಂದೇ ಅಳತೆ ನೆನೆದದ್ದು ಹದಿಮೂರನೆಯ ಸಂಜೆ. ರಾಯನ ರಾತ್ರಿಯ ಕೆನೆತ ಅದಕ್ಕೆ ನಾಲ್ಕು ದಿನ ಮೊದಲೇ ನಿಂತಿತ್ತು.

ಈಗ ಅವನ ಕಟ್ಟೆಯಲ್ಲಿ ಒಂದು ಬನ್ನೂರು ಕುರಿ ಇದೆ. ಪಂದ್ಯದ ಲಾಯಗಳಲ್ಲಿ ಗಾಬರಿಯ ಕುದುರೆಗಳ ಜೊತೆಗೆ ಆಡನ್ನು ಕಟ್ಟುವ ಪದ್ಧತಿ ಹಳೆಯದು. ಆಡಿನ ಬದಲು ಕುರಿಯನ್ನು ತಂದುದು ಚಾಚಾ ಅವರ ಆಯ್ಕೆ, ಅದರ ಬಂಧುಗಳೆಲ್ಲ ಯಾವ ಕಾರ್ಯಕ್ಕೆ ಪ್ರಸಿದ್ಧರೋ ಆ ಕಾರ್ಯದಿಂದ ಅದೊಂದು ಪಾರಾಯಿತು. ರಾಯನು ಅದನ್ನು ಸಹಿಸಿಕೊಂಡಿದ್ದಾನೆ, ಮಲಗುವಾಗ ಅದಕ್ಕೆ ಜಾಗವನ್ನೂ ಬಿಡುತ್ತಾನೆ. ಆದರೆ ಕುರಿಯ ತಲೆ ಅವನ ಹೆಗಲಿಗೆ ಎಟುಕುವುದಿಲ್ಲ.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ದಸರಾ ಕಳೆದ ಮೇಲೆ, ಟಾಂಗಾದಿಂದ ಬಿಡಿಸಿದ ಸಾಧುವಾದ ಮುದಿ ಹೆಣ್ಣುಕುದುರೆಯೊಂದು ಯಾರಲ್ಲಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮೊದಲ ಎರಡು ವಾರ ಬೇಲಿಯ ಆಚೆಗೆ ಕಟ್ಟುತ್ತೇನೆ, ಈ ಸಲ ಅವಸರಪಡುವುದಿಲ್ಲ. ಸವಾರಿಗೆ ಬಾರದಿದ್ದರೂ, ಒಂದು ಕಣ್ಣು ಕಾಣದಿದ್ದರೂ ಚಿಂತೆಯಿಲ್ಲ. ಮುಂದಿನ ಹಲ್ಲುಗಳು ಗಟ್ಟಿಯಾಗಿದ್ದರೆ ಸಾಕು.