ಗೊಂಬೆಯ ಚಲನೆಯೂ ಸಹೃದಯನ ಸಮ್ಮತಿಯೂ

ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಛಾಯಾಚಿತ್ರವನ್ನು ತೆಗೆಯುವುದು, ಮತ್ತೆ ಸರಿಸಿ ಮತ್ತೊಂದನ್ನು ತೆಗೆಯುವುದು, ಹೀಗೆ ಕೂಡಿಸಿದ ನಿಶ್ಚಲಚಿತ್ರಗಳನ್ನು ಸೆಕೆಂಡಿಗೆ 24ರಂತೆ ತೆರೆಯ ಮೇಲೆ ಓಡಿಸುವುದು: ಸ್ಟಾಪ್ ಮೋಷನ್ ಎಂಬ ಚಲಚ್ಚಿತ್ರಕಲೆಯ ಕ್ರಮವಿದು. ಒಂದು ನಿಮಿಷದ ಆಟಕ್ಕೆ 1,440 ಚಿತ್ರಗಳು ಬೇಕು; ಒಂದೊಂದು ಭಂಗಿಯನ್ನು ಎರಡೆರಡು ಸಲ ಹಿಡಿದರೆ 720 ಭಂಗಿಗಳು ಸಾಕು. ಈ ಕಲೆಯ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಾಗಿವೆ. ಚಲನೆಯು ನಯವಾದಷ್ಟೂ ಕೃತಿ ಮೇಲೆಂಬುದು ಒಂದು. ಗೊಂಬೆಯೆಂದಮೇಲೆ ಅದರ ಪ್ರೇಕ್ಷಕರು ಮಕ್ಕಳೇ ಎಂಬುದು ಇನ್ನೊಂದು. ಇವೆರಡೂ ಪರೀಕ್ಷೆಗೆ ನಿಲ್ಲತಕ್ಕವಲ್ಲ. ರಾಯಚೂರು ನಗರ, ದೇವದುರ್ಗ, ಮಾನವಿಗಳ ಸೀಮೆಯಿಂದ ನೋಡಿದರಂತೂ ಇವು ನಿರಾಧಾರವೆಂದೇ ತೋರುತ್ತವೆ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿಗೆ ಗೊಂಬೆಯ ಆಟ ಹೊಸದಲ್ಲ. ಕಿಳ್ಳೇಕ್ಯಾತರೆಂದೂ ಶಿಳ್ಳೇಕ್ಯಾತರೆಂದೂ ಹೆಸರಾದ ಜನರು ಹದಮಾಡಿದ ತೊಗಲಿನ ಮೇಲೆ ರಾಮಾಯಣ ಭಾರತಗಳ ಪಾತ್ರಗಳನ್ನು ಬರೆದು, ಬಣ್ಣವಿಟ್ಟು, ದೀಪದ ಮುಂದೆ ಆಡಿಸಿದರು. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದದ್ದು ಈ ಪರಂಪರೆಗೇ ಸಂದ ಮನ್ನಣೆ. ಕರ್ಣಾಟಕದ ತೊಗಲುಗೊಂಬೆಗಳಲ್ಲಿ ಅರಸನದು ದೊಡ್ಡ ಆಕಾರ, ಸೇವಕನದು ಚಿಕ್ಕದು; ಒಮ್ಮೊಮ್ಮೆ ಒಂದೇ ತೊಗಲಿನಲ್ಲಿ ಹಲವು ಪಾತ್ರಗಳು ಒಟ್ಟಿಗೆ ನಿಂತಿರುತ್ತವೆ. ಇಲ್ಲಿ ಪ್ರಮಾಣವನ್ನು ನಿಶ್ಚಯಿಸುವುದು ಕಣ್ಣಲ್ಲ, ಅರ್ಥ. ಇದನ್ನು ಹಳ್ಳಿಯ ಮುದುಕರೂ ಮಕ್ಕಳೂ ಒಟ್ಟಿಗೆ ಕುಳಿತು ನೋಡಿದರು; ಗೊಂಬೆಯೆಂಬುದನ್ನು ಮರೆತಲ್ಲ, ಗೊಂಬೆಯೆಂದು ಬಲ್ಲವರಾಗಿಯೇ ಕಣ್ಣೀರಿಟ್ಟರು, ನಕ್ಕರು.

ಭರತನು ಅಭಿನಯವನ್ನು ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡಾಗಿ ವಿಂಗಡಿಸಿದನಷ್ಟೆ. ಲೋಕದಲ್ಲಿ ಕಂಡಂತೆ ತೋರುವುದು ಮೊದಲನೆಯದು; ಕಲೆಯ ಸಂಕೇತದಿಂದ ತೋರುವುದು ಎರಡನೆಯದು. ಈ ಕಾಲದ ಗೊಂಬೆಚಿತ್ರಗಳ ನಿರ್ದೇಶಕರ ಶೈಲಿಗಳನ್ನು ಅಳೆಯುವುದಕ್ಕೆ ಈ ವಿಭಾಗವು ತಕ್ಕ ಮಾನದಂಡವಾಗಬಲ್ಲುದು. ಅಮೆರಿಕದ ಲೈಕಾ ಸಂಸ್ಥೆಯ ಚಿತ್ರಗಳು ಒಂದು ತುದಿಯಲ್ಲಿವೆ. ಹೆನ್ರಿ ಸೆಲಿಕ್ ನಿರ್ದೇಶಿಸಿದ 'ಕೋರಲೈನ್' (2009), ಟ್ರಾವಿಸ್ ನೈಟ್ ನಿರ್ದೇಶಿಸಿದ 'ಕುಬೋ ಅಂಡ್ ದಿ ಟೂ ಸ್ಟ್ರಿಂಗ್ಸ್' (2016) ಇವುಗಳಲ್ಲಿ ಮುದ್ರಣಯಂತ್ರದಿಂದ ಅಚ್ಚಾದ ಮುಖಗಳನ್ನು ಭಾವಕ್ಕೆ ತಕ್ಕಂತೆ ಬದಲಾಯಿಸುತ್ತಾರೆ. ಮುಖದ ತುಂಡುಗಳ ನಡುವಣ ಬಿರುಕನ್ನು ಬಳಿಕ ಗಣಕದಿಂದ ಅಳಿಸುತ್ತಾರೆ. ಕೈಯ ಗುರುತು ಕಾಣದಿರುವುದೇ ಇಲ್ಲಿಯ ಸಾಧನೆ.

ಆದರೆ ಗುರುತನ್ನು ಉಳಿಸಿಕೊಂಡವರ ಕೃತಿಗಳು ಇವಕ್ಕಿಂತ ಕಡಮೆಯಾದುವೇನು? 1933ರ 'ಕಿಂಗ್ ಕಾಂಗ್' ಚಿತ್ರದಲ್ಲಿ ವಾನರನ ರೋಮಗಳು ಕಾರಣವಿಲ್ಲದೆ ಕಂಪಿಸುತ್ತವೆ. ಅದು ಗೊಂಬೆಯನ್ನು ಸರಿಸಿದ ಬೆರಳುಗಳ ಸ್ಪರ್ಶದ ಫಲ. ಅಲ್ಲಿ ಆಕಸ್ಮಿಕವಾಗಿದ್ದುದನ್ನು ವೆಸ್ ಆಂಡರ್ಸನ್ 'ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್' (2009) ಚಿತ್ರದಲ್ಲಿ ಬೇಕೆಂದೇ ತಂದು ಅಲಂಕಾರವಾಗಿಸಿದರು. ಇಂಗ್ಲೆಂಡಿನ ನಿಕ್ ಪಾರ್ಕ್ ಅವರ ಜೇಡಿಗೊಂಬೆಗಳ ಮೇಲೆ ಬೆರಳಚ್ಚುಗಳು ಹಾಗೆಯೇ ಕಾಣುತ್ತವೆ. ಚಾರ್ಲಿ ಕೌಫ್‌ಮನ್, ಡ್ಯೂಕ್ ಜಾನ್ಸನ್ ಇಬ್ಬರೂ ಸೇರಿ ನಿರ್ದೇಶಿಸಿದ 'ಅನೋಮಲೀಸಾ' (2015) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಮುಖದ ಬಿರುಕನ್ನು ಅಳಿಸಿಲ್ಲ. ನಾಯಕ ನಾಯಿಕೆಯರನ್ನುಳಿದು ಮಿಕ್ಕವರೆಲ್ಲರಿಗೂ ಒಂದೇ ಕಂಠ. ತೊಗಲುಗೊಂಬೆಯಾಟದಲ್ಲಿಯೂ ಒಬ್ಬಿಬ್ಬರ ಕಂಠಗಳೇ ಹಲವು ಪಾತ್ರಗಳನ್ನು ನುಡಿಸುವುವು. ಆದರೆ ಅಲ್ಲಿ ಒಂದು ಕಂಠವು ಹಲವಾಗಿ ಒಡೆದು ಲೋಕವನ್ನು ತುಂಬುತ್ತದೆ, ಇಲ್ಲಿ ಹಲವು ಬಾಯಿಗಳು ಒಂದೇ ಕಂಠವಾಗಿ ನಾಯಕನ ಲೋಕವನ್ನು ಬರಿದುಮಾಡುತ್ತವೆ. ಉಪಾಯವೊಂದೇ, ರಸ ಬೇರೆ. ಆದುದರಿಂದ ಗುಣವಿರುವುದು ಚಲನೆಯ ನಯದಲ್ಲಿ ಅಲ್ಲ, ಔಚಿತ್ಯದಲ್ಲಿ. ವಿಷಯವೂ ಮಕ್ಕಳದಲ್ಲ: ನಡುವಯಸ್ಸಿನ ಗೃಹಸ್ಥನೊಬ್ಬನ ಏಕಾಕಿತನ.

ಇನ್ನು ಪ್ರೇಕ್ಷಕರ ಪ್ರಶ್ನೆ. ಆರ್ಡ್‌ಮನ್ ಸಂಸ್ಥೆಯ 'ಷಾನ್ ದಿ ಷೀಪ್' (2015) ಚಿತ್ರದಲ್ಲಿ ಅರ್ಥವಾಗುವ ಮಾತೇ ಇಲ್ಲ. ಆದಕಾರಣ ಅದಕ್ಕೆ ಭಾಷೆಯ ಎಲ್ಲೆಯಿಲ್ಲ. ಆಸ್ಟ್ರೇಲಿಯದ ಆಡಂ ಎಲಿಯಟ್ ಅವರ 'ಮೇರಿ ಅಂಡ್ ಮ್ಯಾಕ್ಸ್' (2009) ಇದಕ್ಕೆ ವಿರುದ್ಧವಾದುದು. ಮೆಲ್ಬರ್ನಿನ ಬಾಲೆಗೂ ನ್ಯೂಯಾರ್ಕಿನ ಒಂಟಿ ಪುರುಷನಿಗೂ ಪತ್ರಗಳಿಂದ ಬೆಳೆದ ಸ್ನೇಹ ಅದರ ವಸ್ತು. ಮೆಲ್ಬರ್ನು ಕಂದುಬಣ್ಣದಲ್ಲಿ, ನ್ಯೂಯಾರ್ಕು ಕಪ್ಪುಬಿಳುಪಿನಲ್ಲಿ ಕಾಣುವುದು. ಆದರೆ ಕಥೆಯನ್ನು ಹೊತ್ತು ನಡೆಸುವುದು ತೆರೆಯ ಹಿಂದಿನ ನಿರೂಪಕನ ಧ್ವನಿ. ಅವನು ಮುಚ್ಚುಮರೆಯಿಲ್ಲದ ಸೂತ್ರಧಾರ. ಇಂಥ ಕೃತಿಯು ದೇವದುರ್ಗದ ಪ್ರೇಕ್ಷಕನನ್ನು ಮುಟ್ಟಬೇಕಾದರೆ ತೆರೆಯ ಅಡಿಯಲ್ಲಿ ಓಡುವ ಅಕ್ಷರಗಳಿಂದ ಆಗುವುದಿಲ್ಲ. ಓದುವ ಕಣ್ಣು ನೋಡುವುದನ್ನು ಬಿಡುತ್ತದೆ. ಬೇಕಾದುದು ಕನ್ನಡದ ಕಂಠ. ಅದೂ ಗ್ರಂಥಸ್ಥ ಕನ್ನಡದ್ದಲ್ಲ, ತೆಲುಗು ಉರ್ದುಗಳ ನೆರೆಯಲ್ಲಿ ಬೆಳೆದ ಆ ಸೀಮೆಯ ಆಡುನುಡಿಯ ಕಂಠ. ವಿಜಯದಾಸ ಜಗನ್ನಾಥದಾಸರ ಪದಗಳನ್ನು ಕೇಳಿ ಕಲಿತ ಮಾನವಿಯ ಸೀಮೆಗೆ ಕಿವಿಯಿಂದ ಕೃತಿಯನ್ನು ಗ್ರಹಿಸುವ ಸಂಸ್ಕಾರವು ಹೊಸದಾಗಿ ಬರಬೇಕಾದುದಲ್ಲ.

ಒಂದು ಭೇದವನ್ನು ಮಾತ್ರ ಮರೆಯತಕ್ಕುದಲ್ಲ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಬಂಗಾರಕ್ಕರು ಸಭೆಯ ನಗುವನ್ನು ಕೇಳಿ ಮಾತನ್ನು ಹಿಗ್ಗಿಸಬಲ್ಲರು, ಕುಗ್ಗಿಸಬಲ್ಲರು. ಚಿತ್ರದ ಗೊಂಬೆಗೆ ಕಿವಿಯಿಲ್ಲ. ವರ್ಷಗಳ ಹಿಂದೆ ನಿಶ್ಚಯವಾದ ಭಂಗಿಯನ್ನೇ ಅದು ಮತ್ತೆ ಮತ್ತೆ ತೋರುವುದು. ಆದುದರಿಂದ ಚಿತ್ರನಿರ್ದೇಶಕನು ಎದುರಿಗಿಲ್ಲದ ಪ್ರೇಕ್ಷಕನನ್ನು ಊಹಿಸಿಕೊಂಡೇ ಕೆಲಸಮಾಡಬೇಕು. ಈ ಊಹೆಯ ಹಿರಿಮೆ ಕಿರಿಮೆಗಳೇ ಅವನ ಶೈಲಿಯ ಹಿರಿಮೆ ಕಿರಿಮೆಗಳು.

ಇದರಿಂದ ಸಾಹಿತ್ಯಬೋಧಕರಿಗೆ ಒಂದು ಕರ್ತವ್ಯವು ಒದಗುತ್ತದೆ. ತೊಗಲುಗೊಂಬೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡುವುದು ಯೋಗ್ಯವಾದ ಕಾರ್ಯವೇ. ಆದರೆ ಗೊಂಬೆಯು ಉಳಿದು ಅದನ್ನು ನುಡಿಸುವ ಕಂಠವೂ ನೋಡುವ ಕಣ್ಣೂ ಅಳಿದರೆ ಉಳಿದುದು ತೊಗಲು ಮಾತ್ರ. ರಾಯಚೂರಿನ ಕಾಲೇಜೊಂದರಲ್ಲಿ ಎಲಿಯಟ್ಟರ ಚಿತ್ರವನ್ನೂ ಶಿಳ್ಳೇಕ್ಯಾತರ ಆಟವನ್ನೂ ಒಂದೇ ವಾರದಲ್ಲಿ ತೋರಿ, ಎರಡನ್ನೂ ಒಂದೇ ಮಾನದಂಡದಿಂದ ವಿಚಾರಮಾಡಿಸಿದರೆ, ಹೊಸ ಕಲೆಗೆ ಬಲ್ಲ ಪ್ರೇಕ್ಷಕರು ದೊರೆಯುವರು. ಹಳೆಯ ಕಲೆಗೆ ಕರುಣೆಯ ಬದಲು ವಿಮರ್ಶೆಯ ಗೌರವವು ದೊರೆಯುವುದು.