ಕಡ್ಡಿಕಾಯಿಯ ರಾಶಿ ಬೇರೆಯಿರಲಿ

ಈ ವಾರ ಹಾವೇರಿಯ ಏಲಕ್ಕಿ ಹಾರದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಶುರು ಅಲ್ಲಿಂದಲೇ ಮಾಡುತ್ತೇನೆ.

ಹಾವೇರಿ ಏಲಕ್ಕಿ ಬೆಳೆಯುವ ಸೀಮೆಯಲ್ಲ. ಕಾಯಿ ಬರುತ್ತಿದ್ದುದು ಘಟ್ಟದ ತೋಟಗಳಿಂದ. ಹಾವೇರಿಯದ್ದು ಕೈಗುಣ, ನೀರಿನ ಗುಣ. ಇಲ್ಲಿನ ಸವಳು ಬಾವಿಯ ನೀರಿನಲ್ಲಿ ತೊಳೆದರೆ ಕಾಯಿಗೆ ತಿಳಿಬಣ್ಣ ಬರುತ್ತದೆ, ಕಂಪು ಏರುತ್ತದೆ ಎಂಬ ನಂಬಿಕೆ ಬ್ರಿಟಿಷರ ಕಾಲದ ಗೆಜೆಟಿಯರಿನವರ ಕಿವಿಗೂ ಬಿದ್ದಿತ್ತು. ಅಂಟವಾಳ, ಸೀಗೆಕಾಯಿಯ ನೀರಿನಲ್ಲಿ ಹೊರಳಿಸಿ, ಒಣಗಿಸಿ, ಬಿಳುಪಾಗಿಸಿದ ಕಾಯಿಯೇ ಹಾವೇರಿ ಪೇಟೆಯ ಹೆಸರು. ಆ ಬಿಳಿ ಏಲಕ್ಕಿಗೆ ಉತ್ತರ ಯುರೋಪಿನವರೆಗೂ ಗಿರಾಕಿಗಳಿದ್ದರು. ಆದರೆ ಜಗತ್ತಿನ ದೊಡ್ಡ ಗಿರಾಕಿಯಾದ ಅರಬನಿಗೆ ಕಾಫಿಗೆ ಹಾಕಲು ಹಸಿರು ಕಾಯಿಯೇ ಬೇಕು. ತೋಟದಲ್ಲೇ ಹಸಿರು ಕೆಡದಂತೆ ಒಣಗಿಸುವ ಗೂಡುಗಳು ಬಂದವು. ಮಲೆನಾಡಿನ ಬೆಳೆಯನ್ನು ಕಟ್ಟೆ ರೋಗ ತಿಂದಿತು, ವಹಿವಾಟು ಇಡುಕ್ಕಿಯ ಕಡೆ ವಾಲಿತು, ಗ್ವಾಟೆಮಾಲಾ ಅಗ್ಗದ ಕಾಯಿಯೊಂದಿಗೆ ಪೈಪೋಟಿಗಿಳಿಯಿತು. ಹಾವೇರಿಯಲ್ಲಿ ಇಂದು ಹೆಸರು ಹೇಳುವಂತೆ ಉಳಿದಿರುವುದು ಪಟವೇಗಾರರು ಕಟ್ಟುವ ಹಾರ. ರೇಷ್ಮೆ ಎಳೆ, ಗೊಂಡೆ, ಮಣಿ ಪೋಣಿಸುವುದೇ ಕುಲಕಸುಬಾಗಿದ್ದ ಕೈಗಳು ಏಲಕ್ಕಿಯನ್ನು ಮುತ್ತಿನಂತೆ ಪೋಣಿಸುತ್ತವೆ. ಮಂತ್ರಿಗಳ ಕೊರಳಿಗೆ ಬೀಳುವ ಹಾರದಿಂದ ಒಂದು ಮನೆತನ ಬದುಕೀತು, ಒಂದು ಪೇಟೆ ಬದುಕಲಾರದು.

ಮುತ್ತು ಎಂದೆನಲ್ಲ, ಅದರ ಕಥೆಯನ್ನೂ ಹೇಳಿಯೇ ಮುಂದೆ ಹೋಗಬೇಕು. ವಿಜಯನಗರದ ಬೀದಿಯಲ್ಲಿ ಬಳ್ಳದಲ್ಲಿ ಅಳೆದು ಮಾರಿದ ಮುತ್ತಿನ ಮಾತು ನಮ್ಮ ಪ್ರತಿ ಭಾಷಣದಲ್ಲೂ ಬರುತ್ತದೆ. ಅದಕ್ಕಿಂತ ನಮಗೆ ಪಾಠವಾಗಬೇಕಾದದ್ದು ಆ ವ್ಯಾಪಾರ ಮುಗಿದ ಬಗೆ. ನಮ್ಮಲ್ಲಿ ಬಸ್ರಾ ಮುತ್ತು ಎಂದು ಹೆಸರಾದದ್ದು ಕೊಲ್ಲಿಯ ಸಮುದ್ರದಲ್ಲಿ, ಬಹ್ರೇನ್, ಕುವೈತ್, ದುಬೈಗಳ ಮುಳುಗುಗಾರರು ಉಸಿರು ಬಿಗಿಹಿಡಿದು ತೆಗೆದ ಮುತ್ತು. ಅದರ ದೊಡ್ಡ ಪೇಟೆ ಮುಂಬಯಿ. 1893ರಲ್ಲಿ ಜಪಾನಿನ ಮಿಕಿಮೊಟೊ ಚಿಪ್ಪಿನೊಳಗೆ ಕೈಯಿಂದ ಬೀಜವಿಟ್ಟು ಅರೆಗೋಲದ ಮುತ್ತು ತೆಗೆದ. 1920ರ ದಶಕದ ಹೊತ್ತಿಗೆ ದುಂಡು ಮುತ್ತುಗಳೇ ಲಂಡನ್, ಪ್ಯಾರಿಸ್ ಪೇಟೆಗೆ ಬಂದವು. ಕಣ್ಣಿಗೆ ಎರಡೂ ಒಂದೇ. 1929ರ ಆರ್ಥಿಕ ಕುಸಿತ ಉಳಿದ ಕೆಲಸ ಮಾಡಿತು. ಕಾರ್ಟಿಯೇ ಆಭರಣದಂಗಡಿಯವರು 1917ರಲ್ಲಿ ಎರಡೆಳೆ ಮುತ್ತಿನ ಹಾರವೊಂದನ್ನು ಕೊಟ್ಟು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮಹಲನ್ನೇ ಪಡೆದಿದ್ದರು. ಹಾರದ ಬೆಲೆ ಆಗ ಹತ್ತು ಲಕ್ಷ ಡಾಲರ್. 1957ರ ಹರಾಜಿನಲ್ಲಿ ಅದೇ ಹಾರ ಎರಡು ಲಕ್ಷವನ್ನೂ ಮುಟ್ಟಲಿಲ್ಲ.

ಮಿಕಿಮೊಟೊನದ್ದು ಮೋಸವಲ್ಲ. ಅವನ ಮುತ್ತೂ ಚಿಪ್ಪಿನಲ್ಲೇ ಬೆಳೆದದ್ದು. ಪೇಟೆ ಕೆಟ್ಟದ್ದು ಯಾವುದು ಯಾವುದೆಂದು ಕೊಳ್ಳುವವನಿಗೆ ಗೊತ್ತಾಗದೆ ಹೋದಾಗ. 1925ರಲ್ಲಿ ಲಂಡನ್ನಿನ ವರ್ತಕರು ಪರೀಕ್ಷಾಲಯ ತೆರೆದರು. ಕ್ಷ-ಕಿರಣ ಹಾಯಿಸಿದರೆ ಒಳಗಿನ ಬೀಜ ಕಾಣುತ್ತದೆ. ಬಹ್ರೇನ್ ಕೃಷಿ ಮುತ್ತಿನ ವ್ಯಾಪಾರವನ್ನೇ ನಿಷೇಧಿಸಿತು. ಗುರುತು ಗಟ್ಟಿಯಾದ ಮೇಲೆ, ತಡವಾಗಿಯಾದರೂ, ಸಹಜ ಮುತ್ತಿನ ಬೆಲೆ ಮರಳಿತು: ಬಡೋದೆಯ ಮಹಾರಾಜರ ಮುತ್ತಿನ ಎರಡೆಳೆ 2007ರಲ್ಲಿ ನ್ಯೂಯಾರ್ಕಿನಲ್ಲಿ 70 ಲಕ್ಷ ಡಾಲರ್ ದಾಟಿತು. ಆ ಹೊತ್ತಿಗೆ ಮುಳುಗುಗಾರರ ಹಡಗುಗಳು ದಡಕ್ಕೆ ಹತ್ತಿ ಎರಡು ತಲೆಮಾರು ಕಳೆದಿತ್ತು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಅಷ್ಟು ತಡವಾಗಬಾರದು.

ಕಡ್ಡಿ, ಡಬ್ಬಿ ಎಂಬುವು ಇಲ್ಲಿನ ನಾಟಿ ಮೆಣಸಿನಕಾಯಿಯ ಎರಡು ಬಗೆಗಳು. ಮೈತುಂಬ ಸುಕ್ಕು, ಕಡುಗೆಂಪು, ಖಾರ ಕಡಿಮೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಆದರೆ ಸೋಮವಾರ, ಗುರುವಾರದ ಪೇಟೆಗೆ ಬರುವ ರಾಶಿಗಳಲ್ಲಿ ನಾಟಿ ಕಾಯಿ ಎಷ್ಟು, ಸೀಡ್ ಕಾಯಿ ಎನ್ನುವ ಹೈಬ್ರಿಡ್ ಎಷ್ಟು? ಸುಕ್ಕಿನಲ್ಲೂ ಬಣ್ಣದಲ್ಲೂ ಬ್ಯಾಡಗಿಯನ್ನೇ ಹೋಲುವ ಹೈಬ್ರಿಡ್ ಕಾಯಿ ಬಳ್ಳಾರಿ, ರಾಯಚೂರು, ಆಂಧ್ರದಿಂದ ಲಾರಿಗಟ್ಟಲೆ ಬರುತ್ತದೆ. ಎಕರೆಗೆ ಇಳುವರಿ ಹೆಚ್ಚು, ಹೀಗಾಗಿ ಬೆಳೆದವರನ್ನು ದೂರುವಂತಿಲ್ಲ. ಹೈಬ್ರಿಡ್ ಬೀಜವನ್ನು ಹಳಿಯುವವರ ಗುಂಪಿನಲ್ಲಿ ನಾನಿಲ್ಲ. ರಾಣೇಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಅರಳದ ಮೊಗ್ಗನ್ನು ಬಿಡಿಸಿ, ಚಿಮಟದಿಂದ ಕೇಸರ ಕಿತ್ತು, ಮರುದಿನ ಬೇರೆ ಗಿಡದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ನೋಡಿದವರು ಯಾರೂ ಅದನ್ನು ಹಗುರವಾಗಿ ಆಡಲಾರರು. ಮಿಕಿಮೊಟೊ ಚಿಪ್ಪಿನಲ್ಲಿ ಮಾಡಿದ್ದು ಇಂಥದೇ ಕುಶಲ ಕೆಲಸ.

ನನ್ನ ಜಗಳ ಬಣ್ಣವೇ ಸರ್ವಸ್ವ ಎನ್ನುವ ಪಂಥದೊಡನೆ. ಕಾಯಿಯಿಂದ ಓಲಿಯೊರೆಸಿನ್ ಎಂಬ ಸತ್ವ ತೆಗೆಯುವ ಕಾರ್ಖಾನೆಗೆ ಬೇಕಾದದ್ದು ಕೆಂಪು. ಬಣ್ಣದ ಅಳತೆಯಾದ ಆಸ್ಟಾ ಅಂಕ ಎಷ್ಟು ಎಂದು ಯಂತ್ರ ಹೇಳುತ್ತದೆ, ಅದರಂತೆ ದರ. ಲಿಪ್‌ಸ್ಟಿಕ್ಕಿಗೆ ಹೋಗುವ ಬಣ್ಣಕ್ಕೆ ಆ ಲೆಕ್ಕ ಸಾಕು. ಆದರೆ ಆ ಯಂತ್ರ ಮುತ್ತಿನ ಹೊಳಪು ಅಳೆದ ಹಾಗೆ. ಒಳಗಿನ ಬೀಜ ಯಾವುದೆಂದು ಅದು ಹೇಳದು. ಬಣ್ಣಕ್ಕಷ್ಟೇ ಕಾಸು ಕೊಡುವ ಒಬ್ಬನೇ ಗಿರಾಕಿಯನ್ನು ನಂಬಿದ ಪೇಟೆ ಅವನು ಕೈಬಿಟ್ಟ ದಿನ ಏನಾಗುತ್ತದೆ? 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದ ರೈತರ ಸಿಟ್ಟು, ಅಂಗಳದಲ್ಲಿ ಉರಿದ ವಾಹನಗಳು ಇಡೀ ರಾಜ್ಯಕ್ಕೆ ಕಂಡವು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ತಂದವನಿಗೆ ಬೇರೆ ಬಾಗಿಲಿರಲಿಲ್ಲ ಎಂಬುದೇ ನನ್ನ ಸಂಕಟ.

ಬೇರೆ ಬಾಗಿಲು ಅಡುಗೆಮನೆಯದು. ಕುಂದಾಪುರದ ಮಸಾಲೆ, ಬೆಂಗಳೂರಿನ ಹುಳಿಪುಡಿ, ನಮ್ಮ ಕಡೆಯ ಕೆಂಪುಚಟ್ನಿ, ಇವಕ್ಕೆಲ್ಲ ಬಣ್ಣದ ಜೊತೆ ಕಂಪೂ ಬೇಕು. ಅಲ್ಲಿ ನಾಟಿ ಕಾಯಿಗೆ ಹೆಚ್ಚು ಬೆಲೆ ಕೊಡುವವರಿದ್ದಾರೆ, ತಾವು ಕೊಂಡದ್ದು ಅದೇ ಎಂಬ ಭರವಸೆ ಮಾತ್ರ ಅವರಿಗಿಲ್ಲ. ಹಾಗಾಗಿ ಪೇಟೆಯಲ್ಲಿ ನಾಟಿ ಕಡ್ಡಿ, ಡಬ್ಬಿಗೆ ಪ್ರತ್ಯೇಕ ಕಟ್ಟೆ, ಪ್ರತ್ಯೇಕ ಟೆಂಡರ್ ಬೇಕು. ತಳಿ ಯಾವುದೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯುವ ಕಾಲ ಇದು. ಅನುಮಾನ ಬಂದ ಲಾಟಿನಿಂದ ಒಂದು ಹಿಡಿ ಕಾಯಿ ಎತ್ತಿ ಪರೀಕ್ಷೆಗೆ ಕಳಿಸುವ ಏರ್ಪಾಡು ಬೇಕು. ಭೌಗೋಳಿಕ ಸೂಚಕದ ಕಾಯಿದೆಯಲ್ಲಿ ಅಧಿಕೃತ ಬಳಕೆದಾರನೆಂದು ರೈತನೇ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಆ ಅರ್ಜಿ ತುಂಬಿಸುವ ಕೆಲಸವನ್ನು ದಲಾಲಿ ಅಂಗಡಿಗಳು, ರೈತ ಸಂಘಗಳು, ತೋಟಗಾರಿಕೆ ಇಲಾಖೆ ಸೇರಿ ಮಾಡಬಹುದು. ಬೀಜ ಕಾಯ್ದಿಟ್ಟ ಮನೆಗಳು ಕುಂದಗೋಳ, ಗದಗ ಸೀಮೆಯಲ್ಲಿ ಇನ್ನೂ ಇವೆ.

ಓದುಗರಿಗೂ ಒಂದು ಕೆಲಸವಿದೆ. ಹೊಸ ಕಾಯಿ ಜನವರಿಯಿಂದ ಪೇಟೆ ತುಂಬುತ್ತದೆ. ವರ್ಷದ ಖಾರಪುಡಿಗೆ ಕೊಳ್ಳುವಾಗ ಬರೀ ಬ್ಯಾಡಗಿ ಕೊಡಿ ಎನ್ನಬೇಡಿ. ನಾಟಿ ಕಡ್ಡಿಯೋ ಸೀಡ್ ಕಾಯಿಯೋ ಕೇಳಿ, ಯಾವ ಊರಿನದೆಂದು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ಅಂಗಡಿಯವರು ಬರೆಯಲು ಹಿಂಜರಿದರೆ ಪಕ್ಕದ ಅಂಗಡಿಗೆ ಹೋಗಿ.