ಬರೆದು ಅಳಿಸಿದ ಮಾತು

ನಮ್ಮ ಯಮನೂರಿನಲ್ಲಿ ಚಾಂಗದೇವ ಎಂದರೂ ರಾಜಾಬಾಗ ಸವಾರ ಎಂದರೂ ಒಬ್ಬರೇ. ಹೋಳಿಯ ನಂತರದ ಜಾತ್ರೆಗೆ ಬಂದವರು ಬೆಣ್ಣಿಹಳ್ಳದಲ್ಲಿ ಮಿಂದು ದರ್ಶನ ಪಡೆಯುತ್ತಾರೆ. ನಿಮ್ಮ ಧರ್ಮ ಯಾವುದೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅಂಥ ಊರಿನಲ್ಲಿದ್ದೂ ನನ್ನ ಬಾಯಿ ಒಮ್ಮೆ ಕಟ್ಟಿತು.

2025ರ ಸೆಪ್ಟೆಂಬರಿನಲ್ಲಿ ಮೈಸೂರು ದಸರಾ ಉದ್ಘಾಟಿಸಲು ಬಾನು ಮುಷ್ತಾಕ್ ಅವರನ್ನು ಕರೆದಾಗ ನಮ್ಮ ಮಹಿಳೆಯರ ವಾಟ್ಸಾಪ್ ಗುಂಪಿನಲ್ಲಿ ಕಟುವಾದ ಮಾತುಗಳು ಹರಿದಾಡಿದವು. ನಾನು ನಾಲ್ಕು ಸಾಲು ಬರೆದೆ. ಪಕ್ಕದ ಮನೆಯಾಕೆ ಇಣುಕಿ ನೋಡಿ, "ಬ್ಯಾಡ್ರೀ ಅಕ್ಕೋರ, ದೇವರ ವಿಚಾರ ಐತಿ, ಮಂದಿ ಏನ ಅಂದಾರು?" ಎಂದರು. ಅಳಿಸಿಬಿಟ್ಟೆ.

ಆ ರಾತ್ರಿ ಬಾನು ಅವರ 'ಕರಿ ನಾಗರಗಳು' ಕಥೆಯನ್ನು ಮತ್ತೆ ಓದಿದೆ. ಗಿರೀಶ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಎಂದು ಚಿತ್ರ ಮಾಡಿದ್ದು ಇದನ್ನೇ. ಗಂಡ ಕೈಬಿಟ್ಟ ಅಶ್ರಫ್ ಮಕ್ಕಳೊಡನೆ ಮಸೀದಿಯ ಬಳಿ ನ್ಯಾಯಕ್ಕಾಗಿ ಕುಳಿತುಕೊಳ್ಳುತ್ತಾಳೆ. ಅವಳು ಧರ್ಮವನ್ನು ಬೈಯುವುದಿಲ್ಲ. ಧರ್ಮ ತನಗೆ ಕೊಟ್ಟದ್ದನ್ನು ಕೊಡಿ ಎನ್ನುತ್ತಾಳೆ. ಕಥೆಯ ಬಲ ಇರುವುದೇ ಇಲ್ಲಿ. ಭಕ್ತಿ ಅವಳ ಬಾಯಿ ಕಟ್ಟುವುದಿಲ್ಲ, ಬಿಚ್ಚಿಸುತ್ತದೆ. ನನ್ನನ್ನು ಸುಮ್ಮನಾಗಿಸಿದ್ದು ದೇವರ ಭಯವೆಂದು ತಿಳಿದಿದ್ದೆ; ಅದು ಮಂದಿಯ ಭಯವಾಗಿತ್ತು.

ಕೂಸು ಸತ್ತ ಮೇಲಷ್ಟೇ ಓಣಿಯ ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ. ಇಷ್ಟು ತಡವೇಕೆ, ಇದು ಕಥೆಯ ಕೊರತೆಯಲ್ಲವೇ ಎಂದು ಮೊದಲ ಓದಿನಲ್ಲಿ ಅನಿಸಿತ್ತು. ಈಗ ಹಾಗೆನಿಸುವುದಿಲ್ಲ. ನಾವು ತಡವಾಗಿಯೇ ಮಾತಾಡುವವರು. ಓದಿದ ಜುಲೇಖಾ ಬೇಗಂ ಹಕ್ಕಿನ ಮಾತು ತಿಳಿಸಿಕೊಡುತ್ತಾಳೆ. ಒದೆ ತಿನ್ನುವವಳು ಓದದ ಅಶ್ರಫ್. ಬಿ.ಎ., ಬಿ.ಎಡ್. ಮಾಡಿಕೊಂಡ ನನಗೆ ಈ ಭಾಗ ಚುಚ್ಚಿತು.

ಬಾನು ಅವರಿಗೆ ಇದು ಬರೀ ಕಥೆಯಲ್ಲ. ಹೆಣ್ಣುಮಕ್ಕಳಿಗೂ ಮಸೀದಿಯಲ್ಲಿ ಪ್ರವೇಶವಿರಲಿ ಎಂದದ್ದಕ್ಕೆ 2000ದಲ್ಲಿ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದವರು ಅವರು. ಕಾಲು ಶತಮಾನದ ಮೇಲೆ ಇನ್ನೊಂದು ಕಡೆಯವರು ಬೇಡವೆಂದರು. ನ್ಯಾಯಾಲಯಗಳು ತಕರಾರನ್ನು ಒಪ್ಪಲಿಲ್ಲ. ಸೆಪ್ಟೆಂಬರ್ 22ರಂದು ಅವರೇ ದಸರಾ ಉದ್ಘಾಟಿಸಿದರು.

ಕಥೆ ಓದಿದ ಮರುದಿನ ಅಳಿಸಿದ ಸಾಲುಗಳನ್ನು ಮತ್ತೆ ಬರೆದು ಕಳಿಸಿದೆ. ಇಬ್ಬರು ಗುಂಪು ಬಿಟ್ಟರು. ಒಬ್ಬಾಕೆ ಮಾತ್ರ ನನಗೊಬ್ಬಳಿಗೇ ಬರೆದರು: "ನನ್ನ ಮನಸಿನ್ಯಾಗೂ ಇದ ಇತ್ರೀ ಅಕ್ಕೋರ." ಎಲ್ಲರಿಗೂ ಕಾಣುವಂತೆ ಏಕೆ ಬರೆಯಲಿಲ್ಲವೆಂದು ನಾನು ಕೇಳಲಿಲ್ಲ. ಹಿಂದಿನ ದಿನವಷ್ಟೇ ಅಳಿಸಿದವಳಿಗೆ ಕೇಳುವ ಬಾಯಿ ಎಲ್ಲಿಂದ ಬರಬೇಕು?